ಸರ್ಕಾರಿ ಇಂಟರ್ನ್‌ಶಿಪ್‌ಗೆ ಯೂನಿವರ್ಸಿಟಿ ಫೆಲೋಶಿಪ್: ಅಮೆರಿಕದಲ್ಲಿ ಓದುವವರು ಅರ್ಜಿ ಹಾಕುವುದು ಹೇಗೆ?

ಅಮೆರಿಕದ ಕಾಲೇಜಿನಲ್ಲಿ ಓದುತ್ತಾ, ಬೇಸಿಗೆ ರಜೆಯಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಕಲಿಯಬೇಕು ಅನ್ನುವ ಆಸೆ ಬಹಳ ವಿದ್ಯಾರ್ಥಿಗಳಿಗೆ ಇರುತ್ತದೆ. ಜಾಗಗಳಿಗೇನೂ ಬರವಿಲ್ಲ. ಸೆನೆಟರ್ ಕಚೇರಿ, ರಾಜ್ಯದ ಶಾಸನಸಭೆ, ಮೇಯರ್ ಕಚೇರಿ, ವಕೀಲರನ್ನು ಇಟ್ಟುಕೊಳ್ಳಲು ಆಗದವರ ಪರ ವಾದಿಸುವ ಪಬ್ಲಿಕ್ ಡಿಫೆಂಡರ್ ಕಚೇರಿ, ಆರೋಗ್ಯ ಇಲಾಖೆ, ಹೀಗೆ ಬೇಕಾದಷ್ಟಿವೆ. ಆದರೆ ಇವುಗಳಲ್ಲಿ ಎಷ್ಟೋ ಕಡೆ ಇಂಟರ್ನ್‌ಗೆ ಸಂಬಳ ಇಲ್ಲ. ಫೆಡರಲ್ ಇಲಾಖೆಗಳು ವಿದ್ಯಾರ್ಥಿಗಳಿಂದ ಸಂಬಳವಿಲ್ಲದೆ ಕೆಲಸ ಮಾಡಿಸಿಕೊಳ್ಳಲು ಕಾನೂನಿನಲ್ಲೇ ಅವಕಾಶ ಇದೆ. ಹತ್ತು ವಾರ ವಾಷಿಂಗ್ಟನ್‌ನಲ್ಲಿ ಬಾಡಿಗೆ ಕೊಟ್ಟುಕೊಂಡು, ಕೈಗೆ ಒಂದು ಡಾಲರೂ ಬಾರದೆ ಇರುವುದು ಎಲ್ಲ ಮನೆಯ ಮಕ್ಕಳಿಂದಲೂ ಆಗುತ್ತಾ?

ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ, ನಿಜ. ಇಂಟರ್ನ್‌ಗಳ ಸಂಬಳಕ್ಕೆಂದೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 2018ರಲ್ಲಿ ಹಣ ಮೀಸಲಿಟ್ಟಿತು. ಆಗ ಕೆಳಮನೆಯ ಪ್ರತಿ ಸದಸ್ಯರ ಕಚೇರಿಗೆ ಸಿಕ್ಕಿದ್ದು ವರ್ಷಕ್ಕೆ 20,000 ಡಾಲರ್. ಶ್ವೇತಭವನ ತನ್ನ ಇಂಟರ್ನ್‌ಗಳಿಗೆ ದುಡ್ಡು ಕೊಡಲು ಶುರು ಮಾಡಿದ್ದು 2022ರಲ್ಲಿ. ಆದರೂ ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ನಗರ ಮಟ್ಟದ ಬಹಳ ಕಚೇರಿಗಳಲ್ಲಿ ಇವತ್ತಿಗೂ ಕೆಲಸ ಉಂಟು, ಸಂಬಳ ಇಲ್ಲ.

ಈ ಕೊರತೆ ತುಂಬಲು ಯೂನಿವರ್ಸಿಟಿಗಳೇ ಫೆಲೋಶಿಪ್ ಕೊಡುತ್ತವೆ. ನೀವು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ, ನಿಮ್ಮ ಖರ್ಚಿಗೆ ನಾವು ಸ್ಟೈಪೆಂಡ್ ಕೊಡುತ್ತೇವೆ ಅನ್ನುವುದು ಇದರ ಒಪ್ಪಂದ. ಸ್ಟ್ಯಾನ್‌ಫರ್ಡ್‌ನಲ್ಲಿ 1963ರಿಂದ ನಡೆದುಬಂದಿರುವ 'ಸ್ಟ್ಯಾನ್‌ಫರ್ಡ್ ಇನ್ ಗವರ್ನಮೆಂಟ್', ಹಾರ್ವರ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಪಾಲಿಟಿಕ್ಸ್ ಕೊಡುವ 'ಡೈರೆಕ್ಟರ್ಸ್ ಇಂಟರ್ನ್‌ಶಿಪ್', ಬರ್ಕ್ಲಿಯ ಮಾಟ್ಸುಯಿ ಸೆಂಟರ್ ನಡೆಸುವ 'ಕ್ಯಾಲ್ ಇನ್ ಸ್ಯಾಕ್ರಮೆಂಟೊ' ಇದಕ್ಕೆ ಉದಾಹರಣೆ. ಇಷ್ಟು ಹೆಸರು ಮಾಡದ ಸಣ್ಣ ಫೆಲೋಶಿಪ್‌ಗಳು ಬೇರೆ ಬೇರೆ ಕಾಲೇಜುಗಳಲ್ಲಿ ಇನ್ನೂ ಎಷ್ಟೋ ಇವೆ. ನಿಮ್ಮ ಕಾಲೇಜಿನ ಕರಿಯರ್ ಸೆಂಟರ್, ರಾಜ್ಯಶಾಸ್ತ್ರ ವಿಭಾಗ, ಪಬ್ಲಿಕ್ ಸರ್ವಿಸ್ ಸೆಂಟರ್, ಈ ಮೂರೂ ಕಡೆ ಕೇಳಿ. ಒಂದು ಕಡೆಯವರಿಗೆ ಇನ್ನೊಂದು ಕಡೆಯ ಫೆಲೋಶಿಪ್ ಗೊತ್ತಿಲ್ಲದೆ ಇರುವುದು ಜಾಸ್ತಿ.

ನಾನು ಕೆಲವು ವರ್ಷ ಇಂಥದೊಂದು ಫೆಲೋಶಿಪ್‌ನ ಆಯ್ಕೆ ಸಮಿತಿಯಲ್ಲಿ ಕೂತು ಅರ್ಜಿಗಳನ್ನು ಓದಿದ್ದೇನೆ. ಕೈಬಿಟ್ಟುಹೋದ ಅರ್ಜಿಗಳಲ್ಲಿ ಬಹಳಷ್ಟು ಜಾಣ ಮಕ್ಕಳವೇ. ಅಂಕ ಇತ್ತು, ಉತ್ಸಾಹ ಇತ್ತು. ಆ ಕಚೇರಿಗೆ ಹೋಗಿ ಇವರು ಏನು ಮಾಡುತ್ತಾರೆ ಅನ್ನುವುದು ಮಾತ್ರ ಅರ್ಜಿಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. ಸಮಿತಿಯವರ ಕೈಯಲ್ಲಿ ಇರುವ ದುಡ್ಡು ಕಡಿಮೆ. ಅದು ಯಾವ ಕೆಲಸಕ್ಕೆ ಹೋಗುತ್ತದೆ ಅನ್ನುವುದು ಅವರ ಕಣ್ಣಿಗೆ ಕಾಣಬೇಕು. ಈ ಲೇಖನದಲ್ಲಿ ನೀವು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಮೊದಲು ಎರಡು ಕ್ಯಾಲೆಂಡರ್ ಹಾಕಿಕೊಳ್ಳಿ

ಫೆಲೋಶಿಪ್‌ಗೆ ಒಂದು ಕೊನೆಯ ದಿನಾಂಕ, ಇಂಟರ್ನ್‌ಶಿಪ್‌ಗೆ ಇನ್ನೊಂದು. ಎರಡೂ ಒಂದಕ್ಕೊಂದು ಹೊಂದುವುದು ಅಪರೂಪ. ಹಾಗಾಗಿ ಎರಡನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆದುಕೊಳ್ಳಿ.

ಆಮೇಲೆ ನಿಮ್ಮ ಫೆಲೋಶಿಪ್ ಯಾವ ಬಗೆಯದು ಅಂತ ನೋಡಿ. ಕೆಲವು ಫೆಲೋಶಿಪ್‌ಗಳು ಕಚೇರಿಯನ್ನೂ ತಾವೇ ಗೊತ್ತು ಮಾಡಿಕೊಡುತ್ತವೆ. ಅಂಥ ಕಡೆ ನೀವು ಅರ್ಜಿ ಹಾಕುವುದೇ ಆ ನಿರ್ದಿಷ್ಟ ಜಾಗಕ್ಕೆ. ಇನ್ನು ಕೆಲವು ದುಡ್ಡು ಮಾತ್ರ ಕೊಡುತ್ತವೆ, ಕಚೇರಿಯನ್ನು ನೀವೇ ಹುಡುಕಿಕೊಳ್ಳಬೇಕು. ಈ ಎರಡನೇ ಬಗೆಯಲ್ಲಿ ಕಚೇರಿಯ ಒಪ್ಪಿಗೆ ಪತ್ರ ಅರ್ಜಿಯ ಜೊತೆಗೇ ಬೇಕಾ, ಆಮೇಲೆ ಕೊಟ್ಟರೂ ನಡೆಯುತ್ತಾ ಅನ್ನುವುದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಪತ್ರ ಇನ್ನೂ ಬಂದಿಲ್ಲ ಎಂದು ಅರ್ಜಿಯನ್ನೇ ಹಾಕದೆ ಬಿಟ್ಟವರನ್ನು ನೋಡಿದ್ದೇನೆ. ಒಂದು ಇಮೇಲ್‌ನಲ್ಲಿ ಬಗೆಹರಿಯುತ್ತಿದ್ದ ವಿಷಯ ಅದು.

ಭದ್ರತಾ ತಪಾಸಣೆ ಬೇಕಾಗುವ ಕಡೆ ಬೇಸಿಗೆ ಇಂಟರ್ನ್‌ಶಿಪ್‌ಗೆ ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲೇ, ಕೆಲವೊಮ್ಮೆ ಅದಕ್ಕೂ ಮೊದಲೇ ಅರ್ಜಿ ಹಾಕಬೇಕಾಗುತ್ತದೆ. ವಿದೇಶಾಂಗ ಇಲಾಖೆ, ರಕ್ಷಣಾ ಇಲಾಖೆ, ಗುಪ್ತಚರ ಸಂಸ್ಥೆಗಳು ಈ ಪಟ್ಟಿಗೆ ಸೇರುತ್ತವೆ. ಸೀಕ್ರೆಟ್ ಅಥವಾ ಅದಕ್ಕೂ ಮೇಲಿನ ಮಟ್ಟದ ಕ್ಲಿಯರೆನ್ಸ್‌ಗೆ, ಅಂದರೆ ಗುಪ್ತ ಮಾಹಿತಿ ನೋಡುವ ಅನುಮತಿಗೆ, ಎಸ್‌ಎಫ್-86 ಎಂಬ ಫಾರಂ ತುಂಬಬೇಕು. ಹತ್ತು ವರ್ಷ ನೀವು ಎಲ್ಲೆಲ್ಲಿ ಇದ್ದಿರಿ ಅನ್ನುವುದನ್ನೂ ಅದು ಕೇಳುತ್ತದೆ. ಭಾರತದಲ್ಲಿರುವ ಹತ್ತಿರದ ನೆಂಟರ ವಿವರವನ್ನೂ ಕೇಳುತ್ತದೆ. ನಮ್ಮವರು ಇಲ್ಲಿ ಸುಮ್ನೆ ಹೆದರುತ್ತಾರೆ. ವಿದೇಶದಲ್ಲಿ ಅಜ್ಜ ಅಜ್ಜಿ ಇರುವುದು ತಪ್ಪಲ್ಲ, ಮುಚ್ಚಿಟ್ಟರೆ ಮಾತ್ರ ತಪ್ಪಾಗುತ್ತದೆ. ಇನ್ನೊಂದು ಮಾತು. ಗಾಂಜಾ ಸೇವನೆಗೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಅನುಮತಿ ಇದ್ದರೂ ಫೆಡರಲ್ ಕಾನೂನಿನಲ್ಲಿ ಇಲ್ಲ. ಫಾರಂ ಅದನ್ನೂ ಕೇಳುತ್ತದೆ. ಇದು ಗೊತ್ತಿಲ್ಲದೆ ಅವಕಾಶ ಕಳೆದುಕೊಳ್ಳಬೇಡಿ.

ನೀವು ಅರ್ಹರಾ? ವೀಸಾದಲ್ಲಿರುವವರು ಇದನ್ನು ಪೂರ್ತಿ ಓದಿ

ಅಮೆರಿಕದ ಪೌರರಾಗಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಬಹುದು.

ಫೆಡರಲ್ ಇಲಾಖೆಗಳ ಹೆಚ್ಚಿನ ಇಂಟರ್ನ್‌ಶಿಪ್‌ಗಳಿಗೆ ಪೌರತ್ವ ಕೇಳುತ್ತಾರೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಅಲ್ಲಿ ಸಮಯ ಕಳೆಯುವುದಕ್ಕಿಂತ ನಗರ, ಕೌಂಟಿ, ರಾಜ್ಯ ಮಟ್ಟದ ಕಚೇರಿಗಳನ್ನು ನೋಡುವುದು ಒಳ್ಳೆಯದು. ಅವುಗಳ ನಿಯಮ ಒಂದೊಂದು ಕಡೆ ಒಂದೊಂದು ಥರ, ಎಷ್ಟೋ ಕಡೆ ಬಾಗಿಲು ತೆರೆದಿರುತ್ತದೆ. ಕೆಲವು ಫೆಲೋಶಿಪ್‌ಗಳು ವಿಶ್ವಸಂಸ್ಥೆಯಂಥ ಅಂತರರಾಷ್ಟ್ರೀಯ ಸಂಸ್ಥೆಗಳನ್ನೂ ಒಪ್ಪುತ್ತವೆ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳ ಇಲ್ಲ, ಆದ್ದರಿಂದ ಫೆಲೋಶಿಪ್‌ಗೆ ಅದು ಸರಿಯಾದ ಜೋಡಿ.

ಎಫ್-1ನವರು ಕಾಲೇಜಿನ ಹೊರಗೆ ಕೆಲಸ ಮಾಡಲು ಸಾಮಾನ್ಯವಾಗಿ ಸಿಪಿಟಿ ಎಂಬ ಕೆಲಸದ ಅನುಮತಿ ಬೇಕು. ಅದಕ್ಕೆ ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿರಬೇಕು, ಕೆಲಸ ನಿಮ್ಮ ಓದಿನ ಭಾಗವಾಗಿರಬೇಕು. ಅನುಮತಿ ಕಾಲೇಜು ಕೊಡುವ ನಿಮ್ಮ ಐ-20 ದಾಖಲೆಯಲ್ಲಿ ಬಂದ ಮೇಲೆಯೇ ಕೆಲಸ ಶುರು. ಪೂರ್ಣಾವಧಿ ಸಿಪಿಟಿ ಹನ್ನೆರಡು ತಿಂಗಳು ಮುಟ್ಟಿದರೆ ಆ ಡಿಗ್ರಿಯ ಮೇಲೆ ಒಪಿಟಿ, ಅಂದರೆ ಸಾಮಾನ್ಯವಾಗಿ ಓದು ಮುಗಿದ ಮೇಲೆ ಬಳಸುವ ಕೆಲಸದ ಅನುಮತಿ, ಕೈತಪ್ಪಿ ಹೋಗುತ್ತದೆ. ಒಂದು ಬೇಸಿಗೆಗೆ ಆ ಅಪಾಯ ಇಲ್ಲ, ಆದರೂ ಲೆಕ್ಕ ಇಟ್ಟುಕೊಳ್ಳಿ. 'ಕಚೇರಿ ಸಂಬಳ ಕೊಡುವುದಿಲ್ಲವಲ್ಲ, ಅನುಮತಿ ಯಾಕೆ' ಅಂದುಕೊಂಡು ನೀವೇ ತೀರ್ಮಾನ ಮಾಡಬೇಡಿ. ಫೆಲೋಶಿಪ್ ದುಡ್ಡು ಬರುತ್ತದೆ, ಅದು ಆ ಕೆಲಸಕ್ಕೆ ಅಂಟಿಕೊಂಡೇ ಬರುತ್ತದೆ. ಒಪ್ಪಿಗೆ ಕೊಡುವ ಮೊದಲು ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನಲ್ಲಿ ವೀಸಾ ವಿಷಯ ನೋಡಿಕೊಳ್ಳುವ ಡಿಎಸ್‌ಒ ಎಂಬ ಅಧಿಕಾರಿಯ ಜೊತೆ ಕೂತು ಮಾತಾಡಿ, ಅವರ ಉತ್ತರವನ್ನು ಇಮೇಲ್‌ನಲ್ಲಿ ಪಡೆದುಕೊಳ್ಳಿ.

ಕಚೇರಿ ಹುಡುಕುವುದು

ಹೆಸರಾದ ಕಚೇರಿಗೇ ಎಲ್ಲರೂ ಮುಗಿಬೀಳುತ್ತಾರೆ. ನನ್ನ ಸಲಹೆ ಬೇರೆ. ಕಾಂಗ್ರೆಸ್ ಸದಸ್ಯರಿಗೆ ವಾಷಿಂಗ್ಟನ್‌ನಲ್ಲಿ ಒಂದು ಕಚೇರಿ ಇದ್ದರೆ ಅವರ ಕ್ಷೇತ್ರದಲ್ಲೂ ಒಂದೋ ಎರಡೋ ಕಚೇರಿ ಇರುತ್ತವೆ. ವಾಷಿಂಗ್ಟನ್‌ನಲ್ಲಿ ನೀವು ಫೋನ್ ಎತ್ತುತ್ತೀರಿ, ಬಂದವರಿಗೆ ಸಂಸತ್ತಿನ ಕ್ಯಾಪಿಟಲ್ ಕಟ್ಟಡ ತೋರಿಸುತ್ತೀರಿ, ಸಮಿತಿಗಳ ಹಿಯರಿಂಗ್‌ಗೆ (ವಿಚಾರಣೆಗೆ) ಹೋಗಿ ಟಿಪ್ಪಣಿ ಬರೆಯುತ್ತೀರಿ. ಕ್ಷೇತ್ರದ ಕಚೇರಿಯಲ್ಲಿ ನಡೆಯುವುದು ಕೇಸ್‌ವರ್ಕ್. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಹಣ ನಿಂತುಹೋದ ಮುದುಕರು, ಪಾಸ್‌ಪೋರ್ಟ್ ಬಾರದೆ ಒದ್ದಾಡುವವರು, ಆಸ್ಪತ್ರೆ ಸವಲತ್ತಿಗೆ ಅಲೆಯುವ ಮಾಜಿ ಸೈನಿಕರು ಅಲ್ಲಿಗೆ ಬರುತ್ತಾರೆ. ಸರ್ಕಾರ ಅಂದರೆ ಏನು ಅಂತ ಹತ್ತಿರದಿಂದ ಕಾಣುವುದು ಅಲ್ಲಿ ಜಾಸ್ತಿ. ಮನೆಯಿಂದಲೇ ಹೋಗಿಬರಬಹುದಾದರೆ ಖರ್ಚೂ ಕಡಿಮೆ.

ಒಂದು ಎಚ್ಚರಿಕೆ. ಸದಸ್ಯರ ಅಧಿಕೃತ ಕಚೇರಿ ಬೇರೆ, ಅವರ ಚುನಾವಣಾ ಪ್ರಚಾರದ ಕಚೇರಿ ಬೇರೆ. ತೆರಿಗೆ ವಿನಾಯಿತಿ ಇರುವ ಯೂನಿವರ್ಸಿಟಿಗಳು ಯಾವ ಅಭ್ಯರ್ಥಿಯ ಪ್ರಚಾರದಲ್ಲೂ ಭಾಗವಹಿಸುವ ಹಾಗಿಲ್ಲ. ಆದ್ದರಿಂದ ಪ್ರಚಾರದ ಕೆಲಸಕ್ಕೆ ಫೆಲೋಶಿಪ್ ಕೇಳಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಒಪ್ಪಿಗೆ ಪತ್ರ ಅಧಿಕೃತ ಕಚೇರಿಯಿಂದಲೇ ಬಂದಿದೆಯಾ ಅಂತ ನೋಡಿಕೊಳ್ಳಿ.

ಫೆಡರಲ್ ಇಲಾಖೆಗಳಿಗೆ 'ಯುಎಸ್‌ಎ ಜಾಬ್ಸ್' ಜಾಲತಾಣ ಇದೆ. ಸಣ್ಣ ಕಚೇರಿಗಳಿಗೆ ನೇರವಾಗಿ ಇಮೇಲ್ ಬರೆಯಿರಿ. ನೀವು ಯಾರು, ಯಾವಾಗಿಂದ ಯಾವಾಗಿನವರೆಗೆ ಬರಬಲ್ಲಿರಿ, ಅವರ ಯಾವ ಕೆಲಸದಲ್ಲಿ ನಿಮಗೆ ಆಸಕ್ತಿ, ನಿಮ್ಮ ಖರ್ಚಿಗೆ ಫೆಲೋಶಿಪ್ ಕೇಳುತ್ತಿದ್ದೀರಿ ಅನ್ನುವುದು. ಐದಾರು ಸಾಲು ಸಾಕು. ವಾರ ಬಿಟ್ಟು ಉತ್ತರ ಬಾರದಿದ್ದರೆ ಫೋನ್ ಮಾಡಿ. ಸಂಕೋಚ ಬೇಡ. ಅವರಿಗೆ ದಿನಕ್ಕೆ ನೂರಾರು ಪತ್ರ ಬರುತ್ತವೆ.

ಪ್ರಬಂಧ ಬರೆಯುವುದು: ಜಾಸ್ತಿ ಸಮಯ ಇದಕ್ಕೇ ಕೊಡಿ

ಸಾಮಾನ್ಯವಾಗಿ ಒಂದೆರಡು ಪುಟದ ಪ್ರಬಂಧ ಕೇಳುತ್ತಾರೆ. ಈ ಇಂಟರ್ನ್‌ಶಿಪ್ ಯಾಕೆ ಬೇಕು, ಅಲ್ಲಿ ಏನು ಮಾಡುತ್ತೀರಿ, ಮುಂದೆ ನಿಮಗೆ ಅದರಿಂದ ಏನು ಅನ್ನುವುದು ಪ್ರಶ್ನೆ. ಬಹಳ ಜನ ಹೀಗೆ ಶುರು ಮಾಡುತ್ತಾರೆ:

"ಚಿಕ್ಕಂದಿನಿಂದಲೂ ನನಗೆ ಜನಸೇವೆ ಮಾಡಬೇಕೆಂಬ ಹಂಬಲ. ನಾಯಕತ್ವದ ಗುಣಗಳನ್ನು ಬೆಳೆಸಿಕೊಳ್ಳಲು ಈ ಇಂಟರ್ನ್‌ಶಿಪ್ ನನಗೆ ಒಳ್ಳೆಯ ವೇದಿಕೆ."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಯಾರು ಬೇಕಾದರೂ, ಯಾವ ಕಚೇರಿಗೆ ಬೇಕಾದರೂ ಬರೆಯಬಹುದು. ಇನ್ನೊಂದು ಥರ ನೋಡಿ. ಇದು ತೋರಿಸುವುದಕ್ಕೆ ನಾನೇ ಕಟ್ಟಿದ ಉದಾಹರಣೆ:

"ನನ್ನ ಅಜ್ಜಿಯ ಗ್ರೀನ್ ಕಾರ್ಡ್ ನವೀಕರಣ ಹನ್ನೊಂದು ತಿಂಗಳು ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಅಮ್ಮ ಫೋನನ್ನು ಸ್ಪೀಕರ್‌ಗೆ ಹಾಕಿ ಒಲೆಯ ಪಕ್ಕ ಇಡುತ್ತಿದ್ದಳು. ಕಾಯುವವರಿಗೆ ಹಾಕುವ ಆ ಸಂಗೀತ ಕೇಳಿಸಿಕೊಂಡೇ ನಾನು ಹೋಮ್‌ವರ್ಕ್ ಮುಗಿಸುತ್ತಿದ್ದೆ. ಕೊನೆಗೆ ನಮ್ಮ ಕಾಂಗ್ರೆಸ್ ಸದಸ್ಯರ ಕ್ಷೇತ್ರ ಕಚೇರಿಗೆ ಹೋದೆವು. ಅಲ್ಲಿನ ಕೇಸ್‌ವರ್ಕರ್ ಅಜ್ಜಿಯಿಂದ ಒಂದು ಪ್ರೈವಸಿ ಫಾರಂಗೆ ಸಹಿ ಹಾಕಿಸಿಕೊಂಡರು. ಮೂರು ವಾರದಲ್ಲಿ ಉತ್ತರ ಬಂತು. ಹನ್ನೊಂದು ತಿಂಗಳಲ್ಲಿ ಆಗದ್ದು ಮೂರು ವಾರದಲ್ಲಿ ಹೇಗಾಯಿತು? ಆ ಮೇಜಿನ ಆಚೆ ಕೂತು ಅದನ್ನು ಕಲಿಯಬೇಕು. ಈ ಬೇಸಿಗೆ ಅದೇ ಕಚೇರಿಯಲ್ಲಿ ವಲಸೆ ಅರ್ಜಿಗಳ ಕಡತ ನೋಡಿಕೊಳ್ಳಲು ನನಗೆ ಅವಕಾಶ ಸಿಕ್ಕಿದೆ."

ಎರಡನೆಯದರಲ್ಲಿ ಏನಿದೆ ನೋಡಿ. 'ಜನಸೇವೆ' ಅನ್ನುವ ಪದವೇ ಇಲ್ಲ. ಆದರೆ ಓದುವವರಿಗೆ ಅದು ಕಾಣುತ್ತದೆ. ಪ್ರೈವಸಿ ಫಾರಂ ಅನ್ನುವ ಒಂದು ಪದದಿಂದ ಈ ಹುಡುಗಿ ಕಚೇರಿಯ ಕೆಲಸವನ್ನು ಹತ್ತಿರದಿಂದ ನೋಡಿದ್ದಾಳೆ ಅಂತ ಗೊತ್ತಾಗುತ್ತದೆ. 1974ರ ಪ್ರೈವಸಿ ಕಾಯ್ದೆ ಇರುವುದರಿಂದ ಆ ಸಹಿ ಇಲ್ಲದೆ ಕಚೇರಿಯವರು ಬೇರೆ ಇಲಾಖೆಯಲ್ಲಿ ನಿಮ್ಮ ಕಡತದ ಬಗ್ಗೆ ವಿಚಾರಿಸಲು ಆಗುವುದಿಲ್ಲ. ಕೊನೆಯ ಸಾಲಿನಲ್ಲಿ ಕೆಲಸ ಯಾವುದು ಅಂತಲೂ ಇದೆ. ದುಡ್ಡು ಕೊಡುವವರಿಗೆ ಬೇಕಿರುವುದು ಇದು.

ಎಲ್ಲರ ಮನೆಯಲ್ಲೂ ಇಂಥ ಕಥೆ ಇರಬೇಕಾಗಿಲ್ಲ. ತರಗತಿಯಲ್ಲಿ ಓದಿದ ಒಂದು ಕಾನೂನು, ನಿಮ್ಮ ಬೀದಿಯಲ್ಲಿ ನಿಂತುಹೋದ ಬಸ್ಸು, ನಗರಸಭೆಯ ಒಂದು ಸಭೆಗೆ ಹೋಗಿ ಕೂತದ್ದು, ಯಾವುದಾದರೂ ಆದೀತು. ಕಷ್ಟದ ಕಥೆ ಇಲ್ಲ ಎಂದು ಹುಟ್ಟಿಸಿಕೊಳ್ಳಬೇಡಿ. ಸಮಿತಿಯವರಿಗೆ ಅದು ಗೊತ್ತಾಗುತ್ತದೆ, ನಿಮ್ಮ ಮನಸ್ಸಿಗೂ ಕಿರಿಕಿರಿ.

ಬರೆಯುವ ಮೊದಲು ಆ ಕಚೇರಿಯ ಬಗ್ಗೆ ಒಂದು ಗಂಟೆ ಓದಿ. ಇತ್ತೀಚೆಗೆ ಅವರು ಯಾವ ವರದಿ ಹೊರತಂದರು? ಯಾವ ಮಸೂದೆ ಮಂಡಿಸಿದರು? ಪ್ರಬಂಧದಲ್ಲಿ ಅದರ ಬಗ್ಗೆ ಎರಡು ಸಾಲು ಬಂದರೆ ಸಾಕು. ಆದರೆ ಹೊಗಳಿಕೆ ಬೇಡ. ಫೆಲೋಶಿಪ್ ಸಮಿತಿಯಲ್ಲಿ ಎರಡೂ ಪಕ್ಷದ ಕಡೆ ಒಲವಿರುವವರು ಕೂತಿರುತ್ತಾರೆ. ನಿಮ್ಮ ಒಲವು ಮುಚ್ಚಿಡಬೇಕಿಲ್ಲ, ಪಕ್ಷದ ಭಾಷಣ ಮಾತ್ರ ಆಗಬಾರದು.

ಬರೆದು ಮುಗಿಸಿದ ಮೇಲೆ ಹೀಗೊಂದು ಪರೀಕ್ಷೆ ಮಾಡಿ. ಕಚೇರಿಯ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ. ಆಗಲೂ ಅದು ಯಾವ ಕಚೇರಿ ಅಂತ ಗೊತ್ತಾದರೆ ಪ್ರಬಂಧ ಸರಿಯಾಗಿದೆ. ಗೊತ್ತಾಗದಿದ್ದರೆ ಇನ್ನೊಂದು ಸಲ ಬರೆಯಿರಿ.

ಶಿಫಾರಸು ಪತ್ರ

ದೊಡ್ಡ ಹೆಸರಿನ ಪ್ರೊಫೆಸರ್ ಬೇಡ, ನಿಮ್ಮನ್ನು ಬಲ್ಲವರು ಬೇಕು. ನಿಮ್ಮ ಪೇಪರ್ ಓದಿ ಅಂಚಿನಲ್ಲಿ ಟಿಪ್ಪಣಿ ಬರೆದವರು ಇದ್ದಾರಲ್ವಾ, ಅವರನ್ನೇ ಕೇಳಿ. ಕನಿಷ್ಠ ಮೂರು ನಾಲ್ಕು ವಾರ ಮೊದಲೇ ಕೇಳಿ. ಹಿರಿಯರನ್ನು ಕೇಳಲು ನಮ್ಮ ಮಕ್ಕಳು ಹಿಂಜರಿಯುತ್ತಾರೆ, ತೊಂದರೆ ಕೊಟ್ಟ ಹಾಗಾಗುತ್ತದೆ ಅಂದುಕೊಳ್ಳುತ್ತಾರೆ. ಅಲ್ಲಿ ಇದು ಪ್ರೊಫೆಸರ್‌ಗಳ ಕೆಲಸದ ಭಾಗವೇ. ಪ್ರಬಂಧದ ಕರಡು, ರೆಸ್ಯೂಮ್, ಕೊನೆಯ ದಿನಾಂಕ, ನೀವು ಹೋಗುವ ಕಚೇರಿಯ ವಿವರ ಒಂದೇ ಇಮೇಲ್‌ನಲ್ಲಿ ಕಳಿಸಿ. ಕೊನೆಯ ದಿನಕ್ಕೆ ಒಂದು ವಾರ ಇರುವಾಗ ಒಮ್ಮೆ ನೆನಪಿಸಿ.

ಬಜೆಟ್ ಹಾಳೆ

ಇದನ್ನು ಕೊನೆಯ ರಾತ್ರಿ ತುಂಬುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. 'ವಾಸ ಮತ್ತು ಊಟ: 5,000 ಡಾಲರ್' ಎಂದು ಒಂದು ಸಾಲಿನಲ್ಲಿ ಬರೆದರೆ ನೀವು ವಿಚಾರಿಸಿಲ್ಲ ಅಂತ ಗೊತ್ತಾಗುತ್ತದೆ. ಬಿಡಿಸಿ ಬರೆಯಿರಿ. ವಾರಕ್ಕೆ 350 ಡಾಲರ್‌ನ ಕೋಣೆ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಹತ್ತು ವಾರಕ್ಕೆ 3,500. ಅದರ ಪಕ್ಕದಲ್ಲಿ ಆ ಬೆಲೆ ಎಲ್ಲಿ ಸಿಕ್ಕಿತು ಅಂತ ಒಂದು ಸಾಲು. ವಾಷಿಂಗ್ಟನ್‌ಗೆ ಹೋಗುವವರಿಗೆ ಜಾರ್ಜ್ ವಾಷಿಂಗ್ಟನ್, ಅಮೆರಿಕನ್, ಜಾರ್ಜ್‌ಟೌನ್ ಯೂನಿವರ್ಸಿಟಿಗಳು ಬೇಸಿಗೆಯಲ್ಲಿ ಹಾಸ್ಟೆಲ್ ಕೋಣೆಗಳನ್ನು ಇಂಟರ್ನ್‌ಗಳಿಗೆ ಬಾಡಿಗೆಗೆ ಕೊಡುತ್ತವೆ. ಅವರ ದರಪಟ್ಟಿ ನೋಡಿ ಅದನ್ನೇ ಬರೆಯಬಹುದು.

ಆಮೇಲೆ ಅಡ್ವಾನ್ಸ್, ದಿನಸಿ, ಮೆಟ್ರೋ ಕಾರ್ಡ್, ಹೋಗಿ ಬರುವ ಟಿಕೆಟ್, ಕಾಲೇಜಿನ ಕೋಣೆ ಖಾಲಿ ಮಾಡಿದಾಗ ಸಾಮಾನು ಇಡುವ ಜಾಗದ ಬಾಡಿಗೆ. ಬಟ್ಟೆಯನ್ನೂ ಮರೆಯಬೇಡಿ. ಕ್ಯಾಪಿಟಲ್ ಹಿಲ್‌ನಲ್ಲಿ ಸೂಟು, ಟೈ ಇಲ್ಲದೆ ನಡೆಯುವುದಿಲ್ಲ. ದಿನವಿಡೀ ಕಲ್ಲು ನೆಲದ ಉದ್ದ ಕಾರಿಡಾರುಗಳಲ್ಲಿ ಓಡಾಡಬೇಕು, ಒಂದು ಜೊತೆ ಒಳ್ಳೆಯ ಶೂ ಕೂಡ ಬಜೆಟ್‌ನಲ್ಲಿ ಇರಲಿ. ಕೆಳಗೆ ಬೇರೆ ಎಲ್ಲಿಂದ ಎಷ್ಟು ಬರುತ್ತದೆ, ಮನೆಯಿಂದ ಎಷ್ಟು ಸಾಧ್ಯ ಅನ್ನುವುದನ್ನೂ ಬರೆಯಿರಿ. ಮುಚ್ಚುಮರೆ ಇಲ್ಲದ ಬಜೆಟ್ ನೋಡಿದರೆ ಓದುವವರಿಗೆ ನಂಬಿಕೆ ಬರುತ್ತದೆ.

ದುಡ್ಡು ಯಾವಾಗ ಕೈಗೆ ಬರುತ್ತದೆ ಅಂತಲೂ ಕೇಳಿ. ನಾನೇ ಫೆಲೋಶಿಪ್ ಪಡೆದಾಗ ನನ್ನ ಸ್ಟೈಪೆಂಡ್ ಬಂದದ್ದು ಬಾಡಿಗೆ ಕಟ್ಟುವ ದಿನ ಕಳೆದು ಎರಡು ವಾರ ಆದ ಮೇಲೆ. ಮೊದಲ ತಿಂಗಳ ಬಾಡಿಗೆಯನ್ನು ಗೆಳೆಯನೊಬ್ಬನಿಂದ ಸಾಲ ತಂದು ಕಟ್ಟಿದೆ. ಮೊದಲೇ ಕೇಳಿದ್ದರೆ ಅರ್ಧ ದುಡ್ಡು ಮುಂಚೆ ಕೊಡುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಸಂದರ್ಶನ

ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಮಾತುಕತೆ. ಪ್ರಬಂಧದಲ್ಲಿ ಬರೆದದ್ದನ್ನೇ ಕೆದಕಿ ಕೇಳುತ್ತಾರೆ. 'ಇಡೀ ಬೇಸಿಗೆ ಬರೀ ಫೋನ್ ಎತ್ತುವ ಕೆಲಸ ಕೊಟ್ಟರೆ?' ಅನ್ನುವ ಪ್ರಶ್ನೆಗೆ ಉತ್ತರ ಸಿದ್ಧವಾಗಿರಲಿ. ಜನ ಫೋನ್ ಮಾಡಿ ಏನು ಹೇಳುತ್ತಾರೆ, ಯಾವ ದಿನ ಯಾವ ವಿಷಯಕ್ಕೆ ಎಷ್ಟು ಕರೆ ಬಂತು ಅನ್ನುವ ದಾಖಲೆಯನ್ನು ಕಚೇರಿಯವರು ಗಮನವಿಟ್ಟು ನೋಡುತ್ತಾರೆ. ಅದರ ಬೆಲೆ ನಿಮಗೆ ಗೊತ್ತಿದೆ ಅಂತ ತೋರಿಸಿ.

ಸಿಕ್ಕ ಮೇಲೆ ನೋಡಿಕೊಳ್ಳಬೇಕಾದ್ದು

ಕಚೇರಿಯೂ ಸಂಬಳ ಕೊಟ್ಟು, ಫೆಲೋಶಿಪ್ ಕೂಡ ಬಂದರೆ ಖುಷಿಪಡುವ ಮೊದಲು ಇಬ್ಬರಿಗೂ ತಿಳಿಸಿ. ಫೆಡರಲ್ ಇಲಾಖೆ ಸಂಬಳ ಕೊಡುವ ನೌಕರರು ಅದೇ ಕೆಲಸಕ್ಕೆ ಹೊರಗಿನವರಿಂದ ಸಂಬಳಕ್ಕೆ ಪೂರಕವಾಗಿ ಹಣ ಪಡೆಯುವುದನ್ನು ತಡೆಯುವ ಕಾನೂನು ಇದೆ. ಸಂಬಳವಿಲ್ಲದೆ ಕೆಲಸ ಮಾಡುವವರಿಗೆ ಅದು ಅನ್ವಯಿಸುವುದಿಲ್ಲ. ಕಾಂಗ್ರೆಸ್‌ಗೆ ತನ್ನದೇ ಎಥಿಕ್ಸ್ ನಿಯಮಗಳಿವೆ. ಕಚೇರಿಯ ಎಥಿಕ್ಸ್ ಅಧಿಕಾರಿಯನ್ನು ಕೇಳಿದರೆ ಹೇಳುತ್ತಾರೆ.

ತೆರಿಗೆ. ಟ್ಯೂಷನ್ ಫೀಸು, ಕಡ್ಡಾಯ ಪುಸ್ತಕಗಳಿಗೆ ಹೋದ ಸ್ಕಾಲರ್‌ಶಿಪ್ ಹಣಕ್ಕೆ ತೆರಿಗೆ ಇಲ್ಲ. ಬಾಡಿಗೆ, ಊಟ, ಪ್ರಯಾಣಕ್ಕೆ ಕೊಟ್ಟ ಸ್ಟೈಪೆಂಡ್ ಆದಾಯದ ಲೆಕ್ಕಕ್ಕೆ ಬರುತ್ತದೆ. ಪೌರರಿಗೆ ಕೊಡುವಾಗ ಸಾಮಾನ್ಯವಾಗಿ ತೆರಿಗೆ ಹಿಡಿದುಕೊಳ್ಳುವುದಿಲ್ಲ, ಸಂಬಳದ ವಿವರ ಇರುವ ಡಬ್ಲ್ಯು-2 ಫಾರಂ ಕೂಡ ಬರುವುದಿಲ್ಲ. ಆದ್ದರಿಂದ ಒಂದು ಪಾಲು ಬದಿಗಿಡಿ. ಎಫ್-1ನವರಿಗೆ ಸಾಮಾನ್ಯವಾಗಿ ಶೇ. 14ರಷ್ಟು ಹಿಡಿದು, 1042-ಎಸ್ ಎಂಬ ಫಾರಂ ಕಳಿಸುತ್ತಾರೆ. ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ಭಾರತೀಯ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಬೇರೆ ಎಷ್ಟೋ ದೇಶದವರಿಗೆ ಇಲ್ಲದ ಅನುಕೂಲ ಅದು. ರಿಟರ್ನ್ ಹಾಕುವಾಗ ಮರೆಯದೆ ಬಳಸಿಕೊಳ್ಳಿ, ಹಿಡಿದ ಹಣದಲ್ಲಿ ಒಂದಿಷ್ಟು ವಾಪಸ್ ಬರಬಹುದು.

ಕಾಲೇಜಿನಿಂದ ಆರ್ಥಿಕ ನೆರವು ಪಡೆಯುತ್ತಿದ್ದರೆ ಫೈನಾನ್ಶಿಯಲ್ ಏಡ್ ಆಫೀಸಿಗೂ ಹೇಳಿ. ಬೇಸಿಗೆಯಲ್ಲಿ ದುಡಿದು ಇಷ್ಟು ತರಬೇಕು ಅಂತ ಎಷ್ಟೋ ಕಾಲೇಜುಗಳು ಮೊದಲೇ ಲೆಕ್ಕ ಹಾಕಿರುತ್ತವೆ. ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡುವವರಿಗೆ ಆ ಮೊತ್ತವನ್ನು ತುಂಬಿಕೊಡುವ ಫೆಲೋಶಿಪ್‌ಗಳೂ ಇವೆ, ಆದರೆ ನೀವಾಗಿ ಕೇಳಬೇಕು.

ಕೆಲಸಕ್ಕೆ ಸೇರಿದ ಮೇಲೆ ಪ್ರತಿ ಶುಕ್ರವಾರ ಹತ್ತು ನಿಮಿಷ ಕೂತು ಆ ವಾರ ಏನು ಮಾಡಿದಿರಿ ಅಂತ ಬರೆದಿಡಿ. ಕೊನೆಯಲ್ಲಿ ಫೆಲೋಶಿಪ್‌ನವರು ವರದಿ ಕೇಳುತ್ತಾರೆ. ಗುಟ್ಟಿನ ವಿಷಯ, ಕಚೇರಿಗೆ ಬಂದವರ ಹೆಸರು ಅದರಲ್ಲಿ ಇರಬಾರದು.

ಸಿಗದಿದ್ದರೆ

ಆ ವಾರವೇ ಮೂರು ಕೆಲಸ ಮಾಡಿ. ಅರ್ಜಿಯಲ್ಲಿ ಏನು ಕಡಿಮೆಯಾಯಿತು ಅಂತ ಸಮಿತಿಗೆ ವಿನಯದಿಂದ ಕೇಳಿ, ಎಷ್ಟೋ ಕಡೆ ಹೇಳುತ್ತಾರೆ. ವಿಭಾಗದ ಮುಖ್ಯಸ್ಥರು, ಡೀನ್ ಕಚೇರಿ, ಹಳೆಯ ವಿದ್ಯಾರ್ಥಿಗಳ ಸಂಘ, ಇಲ್ಲೆಲ್ಲ ಸಣ್ಣ ಮೊತ್ತದ ನಿಧಿಗಳಿರುತ್ತವೆ, ಅಲ್ಲಿ ವಿಚಾರಿಸಿ. ಬಜೆಟ್ ಹಾಳೆ ಹೇಗೂ ತಯಾರಿದೆ. ಅದೇ ಹಾಳೆ, ಅದೇ ಪ್ರಬಂಧ ಅಲ್ಲಿಗೂ ಆಗುತ್ತದೆ. ಜೊತೆಗೆ ಒಪ್ಪಿಗೆ ಪತ್ರ ಕೊಟ್ಟ ಕಚೇರಿಗೆ ಫೋನ್ ಮಾಡಿ ಪರಿಸ್ಥಿತಿ ಹೇಳಿ. ವಾರಕ್ಕೆ ಮೂರು ದಿನ ಬರಬಹುದಾ, ಮನೆಗೆ ಹತ್ತಿರದ ಶಾಖೆಯಲ್ಲಿ ಕೆಲಸ ಕೊಡಬಹುದಾ ಅಂತ ಕೇಳಿ. ಬರಲು ಆಗುವುದೇ ಇಲ್ಲ ಅಂತಾದರೆ ಅದನ್ನೂ ಕೂಡಲೇ ತಿಳಿಸಿ. ಆ ಜಾಗಕ್ಕೆ ಕಾಯುತ್ತಿರುವ ಇನ್ನೊಬ್ಬ ವಿದ್ಯಾರ್ಥಿ ಇರುತ್ತಾರೆ.